21 ಗೇರಿನ ಎಂಟಿಬಿ ಗಡದ ಏರಿಗೆ ಸಾಲುತ್ತಿಲ್ಲ, 1×12 ಹಾಕಿಸಬೇಕೆ?

ನಿಮ್ಮ ಪ್ರಶ್ನೆ ನನಗೆ ತಿಳಿದದ್ದು ಹೀಗೆ. ಬೆಳಗಾವಿಯ ಟಿಳಕವಾಡಿಯಲ್ಲಿ ಮನೆ, ಕಾರ್ಖಾನೆಗಳಿರುವ ಉದ್ಯಮಬಾಗದಲ್ಲಿ ಕೆಲಸ. 29 ಇಂಚಿನ ಗಾಲಿಯ, 21 ಗೇರಿನ ಎಂಟಿಬಿ, ಅಂದರೆ ಗುಡ್ಡದ ಹಾದಿಯ ಸೈಕಲ್ (ಮೌಂಟನ್ ಬೈಕ್). ವಾರದ ದಿನ ಡಾಂಬರು, ಭಾನುವಾರ ಯಳ್ಳೂರಿನ ರಾಜಹಂಸಗಡ ಕೋಟೆಯ ಗುಡ್ಡ ಇಲ್ಲವೇ ಜಾಂಬೋಟಿ ಕಡೆಯ ಮಣ್ಣಿನ ಹಾದಿ. ಎಲ್ಲಕ್ಕಿಂತ ಹಗುರ ಗೇರಿಗೆ ಹಾಕಿದರೂ ಗಡದ ಏರಿನಲ್ಲಿ ಕಾಲು ಸೋಲುತ್ತದೆ, ಇಳಿದು ತಳ್ಳಬೇಕಾಗುತ್ತದೆ. 1×12, ಅಂದರೆ ಮುಂದೆ ಒಂದೇ, ಹಿಂದೆ ಹನ್ನೆರಡು ಹಲ್ಲಿನ ಚಕ್ರ ಹಾಕಿಸಲೋ, ಹೊಸ ಸೈಕಲ್ಲೇ ತಗೊಳ್ಳಲೋ ಅಂತ ಕೇಳಿದ್ದೀರಿ.

ಸದ್ಯಕ್ಕೆ ಎರಡೂ ಬೇಡ. ಮೊದಲು ಸೈಕಲ್ ತಿರುವಿ ಹಾಕಿ ಹಲ್ಲು ಎಣಿಸ್ರಿ.

21, 24, 27 ಅಂತ ಫ್ರೇಮಿನ ಮೇಲೆ ಬರೆದಿರುವ ಸಂಖ್ಯೆ ಏರಿಗೆ ಏನನ್ನೂ ಹೇಳುವುದಿಲ್ಲ. ಏರಿಗೆ ಬೇಕಾದದ್ದು ಒಂದೇ ಲೆಕ್ಕ: ಮುಂದಿನ ಸಣ್ಣ ಚಕ್ರದ ಹಲ್ಲನ್ನು ಹಿಂದಿನ ದೊಡ್ಡ ಚಕ್ರದ ಹಲ್ಲಿನಿಂದ ಭಾಗಿಸಿ. ನಿಮ್ಮ ದರ್ಜೆಯ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಮುಂದೆ 42-34-24 ಹಲ್ಲಿನ ಮೂರು ಚಕ್ರ, ಹಿಂದೆ 14-28, ಅಂದರೆ 14ರಿಂದ 28 ಹಲ್ಲಿನ ತನಕ ಏಳು ಚಕ್ರ ಇರುತ್ತದೆ. 24 ಭಾಗಿಸು 28, ಅಂದರೆ 0.86. ಪೆಡಲ್ ಒಂದು ಸುತ್ತು ಹೊಡೆದರೆ ಹಿಂದಿನ ಗಾಲಿ ಹೆಚ್ಚುಕಡಿಮೆ ಒಂದು ಸುತ್ತಿನ ಹತ್ತಿರ ತಿರುಗಿಬಿಡುತ್ತದೆ. 29 ಇಂಚಿನ ಗಾಲಿಯ ಸುತ್ತಳತೆ ಸುಮಾರು 2.28 ಮೀಟರ್. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 7 ಕಿಲೋಮೀಟರ್ ಬಂತು. ಅದಕ್ಕಿಂತ ನಿಧಾನ ಹೋಗಬೇಕೆಂದರೆ ತುಳಿತವನ್ನೇ 50ಕ್ಕೆ, 40ಕ್ಕೆ ಇಳಿಸಬೇಕು. ಮೊಣಕಾಲಿನ ಮೇಲೆ ಜಗ್ಗು ಬೀಳುವುದು ಅಲ್ಲಿಂದ.

ಗೇರು ಏರಿನ ಭಾರವನ್ನು ಕಡಿಮೆ ಮಾಡುತ್ತದೆ ಅಂತ ಅನೇಕರು ತಿಳಿದಿದ್ದಾರೆ. ಹಾಗಲ್ಲ. ಜೋಳದ ಚೀಲವನ್ನು ಅಟ್ಟಕ್ಕೆ ಒಂದೇ ಸಲಕ್ಕೆ ಹೊತ್ತರೂ ಎರಡು ಪಾಲು ಮಾಡಿ ಹೊತ್ತರೂ ಮೇಲೇರಿದ ಜೋಳ ಅಷ್ಟೇ, ಬೆನ್ನಿಗೆ ಮಾತ್ರ ವ್ಯತ್ಯಾಸ. ನೀವು, ಸೈಕಲ್ಲು, ನೀರಿನ ಬಾಟಲಿ ಎಲ್ಲ ಸೇರಿ 90 ಕೆಜಿ ಅನ್ನೋಣ. 100 ಮೀಟರಿಗೆ 10 ಮೀಟರ್ ಎತ್ತರ ಏರುವ ರಸ್ತೆಯಲ್ಲಿ ಗಂಟೆಗೆ 7 ಕಿಲೋಮೀಟರ್ ವೇಗ ಹಿಡಿಯಲು ಬರೀ ಮೇಲೆತ್ತುವುದಕ್ಕೇ 172 ವಾಟ್ ಬೇಕು. 5.8 ಕಿಲೋಮೀಟರಿಗೆ ಇಳಿದರೆ 142 ವಾಟ್ ಸಾಕು. ಭಾನುವಾರದ ಸವಾರನಿಗೆ ಆ 30 ವಾಟೇ ಇಳಿದು ತಳ್ಳುವುದಕ್ಕೂ ಕೂತೇ ಏರುವುದಕ್ಕೂ ಇರುವ ಅಂತರ. ತುಳಿತ 60ರಲ್ಲೇ ಇಟ್ಟು 5.8ಕ್ಕೆ ಇಳಿಯುವ ಗೇರು ನಿಮ್ಮ ಸೈಕಲ್ಲಿನಲ್ಲಿ ಇಲ್ಲ. ಕೊರತೆ ಇಷ್ಟೇ.

ಅದನ್ನು ಕೊಡುವ ಅತಿ ಅಗ್ಗದ ಸಾಮಾನು ಶಿಮಾನೊ ಕಂಪನಿಯ 14-34 ಫ್ರೀವೀಲ್, ಅಂದರೆ ಗಾಲಿಯ ನಡುವಿನ ಹಬ್ಬಿಗೆ ತಿರುಪಿನಂತೆ ಕೂರುವ ಹಿಂದಿನ ಚಕ್ರಗಳ ಗೊಂಚಲು. ಅಂಗಡಿಯಲ್ಲಿ ಮೆಗಾರೇಂಜ್ ಅಂತ ಕೇಳ್ರಿ. 14, 16, 18, 20, 22, 24 ಈ ಆರು ಚಕ್ರ ನಿಮ್ಮ ಹಳೆಯದರಲ್ಲಿ ಇದ್ದಂತೆಯೇ. ಕೊನೆಯದು ಮಾತ್ರ 28ರ ಬದಲು 34. ಈಗ 24 ಭಾಗಿಸು 34, ಅಂದರೆ 0.71. ಅದೇ 60 ಸುತ್ತಿಗೆ ಗಂಟೆಗೆ 5.8 ಕಿಲೋಮೀಟರ್. ಉದ್ಯಮಬಾಗಕ್ಕೆ ಹೋಗುವ 42-14 ಹಾಗೇ ಉಳಿಯಿತು. ಇನ್ನೊಂದು ಮಾತು: ಹೀಗೆ ಮಾಡಿದರೆ ಅತಿ ಭಾರದ ಗೇರು ಅತಿ ಹಗುರದ 4.25 ಪಟ್ಟು ಆಗುತ್ತದೆ. ಹೆಸರುವಾಸಿ 1×10ರಲ್ಲಿ 11-46 ಕ್ಯಾಸೆಟ್ (ತಿರುಪಿಲ್ಲದೆ ಹಬ್ಬಿನ ಮೇಲೆ ಜಾರಿಸಿ ಕೂರಿಸುವ ಚಕ್ರಗಳ ಗೊಂಚಲು) ಕೊಡುವುದು 4.18 ಪಟ್ಟು. ಹಳೇ ಮೂರು ಚಕ್ರದ ಕ್ರ್ಯಾಂಕನ್ನು ಹಗುರವಾಗಿ ಕಾಣಬೇಡಿ.

24ರಿಂದ 34ಕ್ಕೆ ಚೈನ್ ಒಮ್ಮೆಗೇ ಹತ್ತು ಹಲ್ಲು ಜಿಗಿಯಬೇಕು. ಏರಿನ ನಡುವೆ, ಮೈಭಾರ ಪೂರ್ತಿ ಪೆಡಲಿನ ಮೇಲಿದ್ದಾಗ ಹ್ಯಾಂಡಲಿನ ಮೇಲಿನ ಗೇರು ಬದಲಿಸುವ ಶಿಫ್ಟರ್ ಒತ್ತಿದರೆ ಕಟಕಟ ಅಂದು ನಿಂತುಬಿಡುತ್ತದೆ. ಕಡಿದಾದ ತಿರುವು ಕಣ್ಣಿಗೆ ಬಿದ್ದ ಕೂಡಲೇ, ಕಾಲು ಇನ್ನೂ ಹಗುರಾಗಿ ತಿರುಗುತ್ತಿರುವಾಗಲೇ ಹಾಕಿಬಿಡಿ.

ಕೊಳ್ಳುವ ಮುಂಚೆ ಹಿಂದಿನ ಡಿರೇಲರಿನ, ಅಂದರೆ ಚೈನನ್ನು ಚಕ್ರದಿಂದ ಚಕ್ರಕ್ಕೆ ಸರಿಸುವ ಸಾಮಾನಿನ, ಮಾಡೆಲ್ ನಂಬರು ನೋಡ್ರಿ. ಶಿಮಾನೊದ ಟೂರ್ನಿ ಸಾಲಿನಲ್ಲೇ ಕೆಲವು 28 ಹಲ್ಲಿಗೆ ಮುಗಿಯುತ್ತವೆ. ಟಿವೈ300 ಇದ್ದರೆ 34ರ ತನಕ ಹೋಗುತ್ತದೆ, ಚಿಂತೆಯಿಲ್ಲ. ಚೈನ್ ಹೊಸದೇ ಬೇಕು, ಏಕೆಂದರೆ ಹಳೆಯದು 34ಕ್ಕೆ ಗಿಡ್ಡವಾಗಬಹುದು. ಡಿರೇಲರಿಗೆ ಹಾಯಿಸದೆ ಚೈನನ್ನು ಮುಂದಿನ 42, ಹಿಂದಿನ 34ರ ಮೇಲೆ ಸುತ್ತಿ ಹಿಡಿಯಿರಿ. ಎರಡು ತುದಿ ಕೂಡುವಲ್ಲಿಂದ ಇನ್ನೊಂದು ಜೋಡಿ ಕೊಂಡಿ, ಅಂದರೆ ಒಂದು ಇಂಚು, ಹೆಚ್ಚಿಗೆ ಬಿಟ್ಟು ಕತ್ತರಿಸಬೇಕು. ಆ ಇಂಚು ಉಳಿಸಲು ಹೋದರೆ ಮರೆತು 42-34ಕ್ಕೆ ಹಾಕಿದ ದಿನ ಡಿರೇಲರ್ ತನ್ನನ್ನು ಫ್ರೇಮಿಗೆ ಹಿಡಿದಿರುವ ಹ್ಯಾಂಗರ್ ಸಮೇತ ಕಿತ್ತು ಬರುತ್ತದೆ.

ಹಳೆಯ ಫ್ರೀವೀಲ್ ಬಿಚ್ಚುವುದು ಸ್ವಲ್ಪ ಮೈಕಸುವಿನ ಕೆಲಸ. ನಾವು ತುಳಿದಷ್ಟೂ ಅದು ಹಬ್ಬಿನ ಆಟೆಗೆ (ತಿರುಪಿನ ಎಳೆಗೆ) ಇನ್ನಷ್ಟು ಬಿಗಿಯಾಗುತ್ತ ಹೋಗಿರುತ್ತದೆ. ಸ್ಪ್ಯಾನರ್ ಹಾಕಿ ಜಗ್ಗಿದರೆ ಫ್ರೀವೀಲ್ ಬಿಚ್ಚುವ ರಿಮೂವರಿನ ಹಲ್ಲು ಜಾರಿ ಹಾಳಾಗುತ್ತದೆ. ರಿಮೂವರನ್ನು ಬೆಂಚ್ ವೈಸಿನಲ್ಲಿ ಕಚ್ಚಿಸಿ, ಗಾಲಿಯನ್ನು ಫ್ರೀವೀಲ್ ಕೆಳಗಾಗುವಂತೆ ಅದರ ಮೇಲೆ ಕೂಡಿಸಿ, ರಿಮ್ಮನ್ನು ಎರಡೂ ಕೈಯಿಂದ ಹಿಡಿದು ಎಡಕ್ಕೆ ತಿರುವಿ. ಇಡೀ ಗಾಲಿಯೇ ಹಿಡಿಕೆ ಆಗುವುದರಿಂದ ಟಕ್ ಅಂತ ಬಿಡುತ್ತದೆ. ಉದ್ಯಮಬಾಗದಲ್ಲಿ ವೈಸ್ ಹುಡುಕಲು ನಿಮಗೆ ಹೇಳಿಕೊಡಬೇಕಾಗಿಲ್ಲ. ಹೊಸದನ್ನು ಹಾಕುವ ಮುಂಚೆ ಆಟೆಗೆ ಗ್ರೀಸ್ ಹಚ್ಚಿ.

ಇನ್ನು 1×12ರ ವಿಷಯ. ನಿಮ್ಮ ಹಿಂದಿನ ಹಬ್ಬು ಫ್ರೀವೀಲಿನದೋ ಕ್ಯಾಸೆಟ್ಟಿನದೋ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಗಾಲಿ ಬಿಚ್ಚಿ, ಹಲ್ಲಿನ ಚಕ್ರಗಳನ್ನು ಹಿಂದಕ್ಕೆ ತಿರುಗಿಸುತ್ತ ನಡುವೆ ರಿಮೂವರ್ ಕೂರುವ ಗೆರೆಗಳನ್ನು ನೋಡಿ. ಚಕ್ರದ ಸಂಗಡ ಆ ಗೆರೆಗಳೂ ತಿರುಗಿದರೆ ಕ್ಯಾಸೆಟ್. ಚಕ್ರ ತಿರುಗಿ ಗೆರೆ ನಿಂತಲ್ಲೇ ನಿಂತರೆ ಫ್ರೀವೀಲ್. 21 ಗೇರಿನದಾದರೆ ಬಹುತೇಕ ಫ್ರೀವೀಲೇ. ಅದರ ಮೇಲೆ 1×12 ಕ್ಯಾಸೆಟ್ ಕೂರುವುದಿಲ್ಲ. ಹಬ್ಬು ಬದಲಿಸಬೇಕು, ಗಾಲಿಯ ಕಡ್ಡಿ ಹೊಸದಾಗಿ ಕಟ್ಟಿಸಬೇಕು, ಮೇಲೆ ಶಿಫ್ಟರ್, ಡಿರೇಲರ್, ಕ್ಯಾಸೆಟ್, ಚೈನ್, ಕ್ರ್ಯಾಂಕ್. ನಿಮ್ಮ ಸೈಕಲ್ಲಿಗೆ ಅಷ್ಟು ದುಡ್ಡು ಸುರಿಯುವುದು ಸರಿಯಲ್ಲ ಅಂತ ನನ್ನ ಖಚಿತ ಅಭಿಪ್ರಾಯ. ಬಿಡಿ ಭಾಗ ಕೂಡಿಸುವಾಗಲೂ ಜೋಕೆ: ಶಿಮಾನೊದ 7, 8, 9 ಸ್ಪೀಡಿನ (ಹಿಂದೆ ಅಷ್ಟು ಚಕ್ರದ) ಎಂಟಿಬಿ ಹಿಂದಿನ ಡಿರೇಲರುಗಳು ಕೇಬಲ್ ಎಳೆತಕ್ಕೆ ಒಂದೇ ಪ್ರಮಾಣದಲ್ಲಿ ಸರಿಯುತ್ತವೆ, 10ರಿಂದ ಮುಂದೆ ಲೆಕ್ಕ ಬೇರೆ. 7ರ ಶಿಫ್ಟರಿಗೆ 10ರ ಡಿರೇಲರ್ ಕಟ್ಟಿದರೆ ಯಾವ ಮಿಸ್ತ್ರಿಯೂ ಅದನ್ನು ಹೊಂದಿಸಲಾರ.

8, 9 ಚಕ್ರದ ಫ್ರೀವೀಲ್ ಹಾಕಿಕೊಡುತ್ತೇನೆ ಅನ್ನುವವರಿದ್ದಾರೆ. ಬೇಡ ಅನ್ನಿ. ಫ್ರೀವೀಲ್ ಹಬ್ಬಿನಲ್ಲಿ ಬಲಗಡೆಯ ಬೇರಿಂಗು ತೀರಾ ಒಳಗಿರುತ್ತದೆ, ಚಕ್ರ ಹೆಚ್ಚಾದಷ್ಟೂ ಆಸರೆ ಇಲ್ಲದ ಆಕ್ಸಲ್ ಉದ್ದವಾಗುತ್ತದೆ. ಕಲ್ಲು ಹಾದಿಯಲ್ಲಿ ಬಾಗುತ್ತದೆ, ಕಡೆಗೆ ಮುರಿಯುತ್ತದೆ.

ಜಾಂಬೋಟಿ, ಕಣಕುಂಬಿ ಕಡೆಯ ಕಾಡುಹಾದಿಯೇ ನಿಮ್ಮ ಮುಖ್ಯ ಹುಚ್ಚು ಆಗಿಹೋದರೆ ಮಾತ್ರ ಮುಂದೆ ಹೊಸ ಸೈಕಲ್ ನೋಡಿ. ಮಳೆಗಾಲದ ಕೆಂಪು ರಾಡಿ ಮುಂದಿನ ಡಿರೇಲರಿನಲ್ಲಿ ತುಂಬಿ ಅದನ್ನು ಅಲುಗದಂತೆ ಮಾಡಿಬಿಡುತ್ತದೆ, ಕಲ್ಲಿನ ಇಳುಕಲಿನಲ್ಲಿ ಚೈನ್ ಬಡಿದಾಡಿ ಬಿದ್ದುಹೋಗುತ್ತದೆ. ಮುಂದೆ ಒಂದೇ ಚಕ್ರ, ಹಿಂದೆ ಚೈನನ್ನು ಬಿಗಿಯಾಗಿ ಹಿಡಿದಿಡುವ ಕ್ಲಚ್ ಇರುವ ಡಿರೇಲರ್ ಇದ್ದರೆ ಆ ಎರಡು ಕಾಟವೂ ಇಲ್ಲ. 2023ರಲ್ಲಿ ಬಂದ ಶಿಮಾನೊ ಕ್ಯೂಸ್ ಗೇರು ಸಾಲು ನಿಮ್ಮಂಥ ಬಳಕೆಗೆ ನನಗೆ ಮೆಚ್ಚುಗೆ. 11 ಸ್ಪೀಡಿನದರಲ್ಲಿ 11-50 ಸಿಗುತ್ತದೆ, ಹಳೇ ಎಚ್‌ಜಿ (ಹೈಪರ್‌ಗ್ಲೈಡ್) ಮಾದರಿಯ ಕ್ಯಾಸೆಟ್ ಹಬ್ಬಿಗೇ ಕೂರುತ್ತದೆ, ಹಲ್ಲು ದಪ್ಪ. ತಮ್ಮ ಹೈಪರ್‌ಗ್ಲೈಡಿಗಿಂತ ಮೂರು ಪಟ್ಟು ಬಾಳುತ್ತದೆ ಅಂತ ಕಂಪನಿ ಹೇಳುತ್ತದೆ. 12 ಸ್ಪೀಡಿನ ಡಿಯೋರ್ 10-51 ಬೇಕೆಂದರೆ ಮೈಕ್ರೋಸ್ಪ್ಲೈನ್ ಅನ್ನುವ ಬೇರೆ ಮಾದರಿಯ ಹಬ್ಬೇ ಬೇಕು. ಕ್ಯೂಸಿನಲ್ಲಿ ಮುಂದಿನ ಚಕ್ರ 32ರ ಬದಲು 30 ಕೇಳ್ರಿ. 30 ಭಾಗಿಸು 50 ಅಂದರೆ 0.6. ಮೇಲಿನ ತುದಿಯಲ್ಲಿ 30-11ಕ್ಕೆ ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 30 ಕಿಲೋಮೀಟರಿನ ಹತ್ತಿರ ಹೋಗುತ್ತೀರಿ. ಊರೊಳಗೆ ಅದಕ್ಕಿಂತ ಹೆಚ್ಚು ಯಾಕೆ ಬೇಕು?

ಬೈಲಹೊಂಗಲ, ಸವದತ್ತಿ ಕಡೆಯ ಎರಿ ಹೊಲದ ಹಾದಿ ಮಳೆಯಾದ ಮರುದಿನ ಹಿಡಿಯಬೇಡಿ. ಆ ಮಣ್ಣು ಟೈರಿಗೂ ಫ್ರೇಮಿಗೂ ನಡುವೆ ಮೆತ್ತಿಕೊಂಡು ಗಾಲಿಯನ್ನೇ ನಿಲ್ಲಿಸುತ್ತದೆ, 0.6 ಆದರೇನು 0.5 ಆದರೇನು. ಮಳೆಗಾಲದಲ್ಲಿ ಅಲ್ಲಿಂದ ಊರಿಗೆ ಮರಳುವಾಗ ಪಡುವಣ ಗಾಳಿ ಎದುರಿಗೇ ಬರುತ್ತದೆ. ಸಪಾಟು ರಸ್ತೆ ಅಂತ 42ಕ್ಕೇ ಅಂಟಿಕೊಳ್ಳದೆ ನಡುವಿನ 34ರಲ್ಲಿ ತುಳಿಯಿರಿ.

ಚೋರ್ಲಾ ಘಾಟಿಗೆ ಹೋಗುವ ಆಸೆಯಿದೆ ಅಂತಲೂ ಬರೆದಿದ್ದೀರಿ. ಬೆಳಗಾವಿ ಇರುವುದೇ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲೆ. ಗೋವಾ ಕಡೆ ಹೋಗುವಾಗ ಘಾಟು ಇಳಿಜಾರು, ದೊಡ್ಡ ಏರೆಲ್ಲ ವಾಪಸ್ ಬರುವಾಗ, ದಣಿದ ಕಾಲಿಗೆ. ಆದ್ದರಿಂದ 14-34 ಹಾಕಿಸಿ, ರಾಜಹಂಸಗಡವನ್ನು ಎಲ್ಲೂ ಇಳಿಯದೆ ಏರುವುದು ರೂಢಿಯಾದ ಮೇಲೆ ಹೋಗಿ.

ಚೈನ್ ಸವೆತ ನೋಡಲು ಒಂದು ಸ್ಟೀಲ್ ಸ್ಕೇಲ್ ಸಾಕು. ಒಂದು ಪಿನ್ನಿನ ನಡುವೆ ಸೊನ್ನೆ ಇಟ್ಟರೆ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನಿನ ನಡು ಬರಬೇಕು. 1/16 ಇಂಚು ಮುಂದೆ ಹೋಗಿದ್ದರೆ ಚೈನ್ ಬದಲಿಸಿ. 1/8 ಆಗುವ ತನಕ ಬಿಟ್ಟರೆ ಹೊಸ ಫ್ರೀವೀಲಿನ ಹಲ್ಲೂ ಅದರ ಜೊತೆ ಹೋಗುತ್ತದೆ.

ಡಿರೇಲರಿನ ಒಳಮೈಯಲ್ಲಿ ಒತ್ತಿರುವ ನಂಬರನ್ನು ಇಲ್ಲೇ ಕೆಳಗೆ ಬರೆಯಿರಿ, 34ಕ್ಕೆ ಹೊಂದುತ್ತದೋ ಇಲ್ಲವೋ ನೋಡಿ ಹೇಳುತ್ತೇನೆ.