ಎಗುಸಿ ಸೂಪ್ ನೀರಾಗುತ್ತದೆ, ಎಬಾ ಗಂಟಾಗುತ್ತದೆ. ಏನು ಮಾಡಲಿ?

ನೈಜೀರಿಯಾದ ಲಾಗೋಸ್‌ಗೆ ಹೊಸದಾಗಿ ಬಂದಿದ್ದೀರಿ, ಎಗುಸಿ ಬೀಜದ ಸೂಪ್ ಮಾಡಿದರೆ ಬೀಜದ ಹಿಟ್ಟೆಲ್ಲ ಕರಗಿ ನೀರುನೀರಾಗುತ್ತದೆ, ಅದರ ಜೊತೆ ತಿನ್ನುವ ಎಬಾ, ಅಂದರೆ ಮರಗೆಣಸಿನ ಮುದ್ದೆಯೊಳಗೆ ಒಣ ಗಂಟು ಸಿಗುತ್ತದೆ ಎಂದು ಕೇಳಿದ್ದೀರಿ. ಎರಡಕ್ಕೂ ಮುಖ್ಯ ಕಾರಣ ಒಂದೇ: ಹೊತ್ತಿಗೆ ಮುಂಚೆಯೇ ಸೌಟು ಆಡಿಸುತ್ತಿದ್ದೀರಿ. ನಾನಿರುವುದು ಇಬಾದಾನ್‌ನಲ್ಲಿ. ಇಲ್ಲಿಯ ಯೊರುಬಾ ಜನರ ಮನೆಗಳಲ್ಲಿ ಕಲಿತ ಕ್ರಮ ಹೇಳುತ್ತೇನೆ.

ನಾಲ್ಕು ಜನಕ್ಕೆ 2 ಕಪ್ ಎಗುಸಿ ಸಾಕು. ಪುಡಿ ಕೊಳ್ಳಬೇಡಿ. ಇದು ಕಲ್ಲಂಗಡಿ ಜಾತಿಯ ಬೀಜ, ಅರ್ಧದಷ್ಟು ಎಣ್ಣೆಯೇ ಇರುವುದರಿಂದ ಪುಡಿ ಬೇಗ ಕಮಟು ಹಿಡಿಯುತ್ತದೆ. ಮೈಲ್ 12 ಸಂತೆಯಲ್ಲಿ ಸಿಪ್ಪೆ ಸುಲಿದ ಬೀಜ ತಂದು ಮನೆಯಲ್ಲೇ ಒಣದಾಗಿ ಪುಡಿ ಮಾಡಿ, ಅರ್ಧ ಈರುಳ್ಳಿ ರುಬ್ಬಿ ಸೇರಿಸಿ, ನೀರು ಚಿಮುಕಿಸಿ ಕಲಸಿ. ಬೆರಳಲ್ಲಿ ಎತ್ತಿದರೆ ಜಾರಬಾರದು, ಅಷ್ಟು ಗಟ್ಟಿ ಇರಲಿ.

ಅರ್ಧ ಕಿಲೋ ಆಡಿನ ಮಾಂಸವನ್ನು ಉಪ್ಪು, ಈರುಳ್ಳಿ ಹಾಕಿ ಬೇಯಿಸಿ, ಆ ನೀರನ್ನು ಚೆಲ್ಲದೆ ಇಡಿ. 3 ತತಾಶೆ, ಅಂದರೆ ದಪ್ಪ ಕೆಂಪು ಮೆಣಸಿನಕಾಯಿ, 1 ಅತಾ ರೋಡೊ, ಉಳಿದರ್ಧ ಈರುಳ್ಳಿ ತರಿತರಿಯಾಗಿ ರುಬ್ಬಿಕೊಳ್ಳಿ. ಅತಾ ರೋಡೊ ನಮ್ಮ ಗುಂಟೂರು ಮೆಣಸಿಗಿಂತ ಬಹಳ ಖಾರ, ಮೊದಲ ಸಲ ಒಂದೇ ಇರಲಿ. ಅರ್ಧ ಕಪ್ ಕೆಂಪು ತಾಳೆ ಎಣ್ಣೆಯನ್ನು ಸಣ್ಣ ಉರಿಯಲ್ಲಿ ಕಾಯಿಸಿ. ಹೊಗೆ ಬರುವಷ್ಟು ಕಾಯಿಸಿದರೆ ಬಣ್ಣ, ರುಚಿ ಎರಡೂ ಹೋಗುತ್ತವೆ. ರುಬ್ಬಿದ್ದು, ಒಂದು ಚಮಚ ಇರು (ಹುದುಗಿಸಿದ ಕಾಳು, ವಾಸನೆ ಜೋರು, ಆದರೆ ಬಿಡಬೇಡಿ), ಎರಡು ಚಮಚ ಒಣ ಸೀಗಡಿ ಪುಡಿ ಹಾಕಿ, ಹಸಿ ವಾಸನೆ ಹೋಗುವವರೆಗೆ ಬಾಡಿಸಿ. ಮಾಂಸ ಬೆಂದ ನೀರು ಸುರಿದು ಕುದಿಸಿ.

ಮುಖ್ಯವಾದದ್ದು ಈಗ. ಕಲಸಿದ ಎಗುಸಿಯನ್ನು ಚಿಕ್ಕ ಚಿಕ್ಕ ಉಂಡೆಯಾಗಿ ಕುದಿಯುವ ಸಾರಿಗೆ ಬಿಡಿ, ಮುಚ್ಚಿ, ಉರಿ ಇಳಿಸಿ, ಹತ್ತು ನಿಮಿಷ ಮುಟ್ಟಲೇಬೇಡಿ. ಉಂಡೆಗಳು ಒಳಗೇ ಬೆಂದು ಗಟ್ಟಿಯಾಗಲು ಅಷ್ಟು ಹೊತ್ತು ಬೇಕು. ತಳ ಹಿಡಿಯುತ್ತದೇನೋ ಅನ್ನಿಸಿದರೆ ಪಾತ್ರೆಯನ್ನೇ ಅಲುಗಾಡಿಸಿ. ಎಣ್ಣೆ ಮೇಲೆ ತೇಲಿ, ಹಳದಿ ಗಂಟುಗಳು ಕಾಣಿಸಿದ ಮೇಲೆ ಮಾಂಸ ಸೇರಿಸಿ ಮೆಲ್ಲಗೆ ಕಲಕಿ. ಕೊನೆಗೆ ಎರಡು ಹಿಡಿ ಉಗು (ಇಲ್ಲಿಯ ಒಂದು ಕುಂಬಳ ಜಾತಿಯ ಬಳ್ಳಿ) ಸೊಪ್ಪು ಹಾಕಿ ಎರಡೇ ನಿಮಿಷಕ್ಕೆ ಇಳಿಸಿ. ಉಗು ಸಿಗದಿದ್ದರೆ ಪಾಲಕ್ ಆದೀತು, ನೀರು ಹಿಂಡಿ ಹಾಕಿ. ಮಾಂಸ ತಿನ್ನದವರು ಅಣಬೆ ಹಾಕಿ ಸೀಗಡಿ ಬಿಟ್ಟರೂ ಇರು ಇದ್ದರೆ ರುಚಿ ನಿಲ್ಲುತ್ತದೆ.

ಎಬಾ ಮಾಡುವಾಗ ಬೇಗ ತಿರುವುವುದಲ್ಲದೆ, ಗರ್ರಿಯ ಮೇಲೆ ನೀರನ್ನೂ ಹೊಯ್ಯುತ್ತಿದ್ದೀರಿ ಅನ್ನಿಸುತ್ತದೆ. ತಿರುಗಿಸಿ ಮಾಡಿ. ಮರಗೆಣಸಿನ ಈ ತರಿ ಮೊದಲೇ ಹುರಿದದ್ದು, ನೀರು ಮಾತ್ರ ಮರಳುತ್ತಿರಬೇಕು. ಅಗಲ ಬೋಗುಣಿಗೆ 2 ಕಪ್ ಮರಳುವ ನೀರು ಹಾಕಿ, ಗರ್ರಿಯನ್ನು ಎಲ್ಲ ಕಡೆ ಉದುರಿಸುತ್ತ ಬನ್ನಿ. ನೀರು ಮುಚ್ಚುವಷ್ಟು ಬಿದ್ದ ಮೇಲೆ ತಟ್ಟೆ ಮುಚ್ಚಿ ಒಂದೆರಡು ನಿಮಿಷ ಬಿಡಿ. ಆಮೇಲೆ ಮರದ ಸೌಟಿನಿಂದ ಒತ್ತಿ ತಿರುವಿ. ಹಳದಿ ಗರ್ರಿ ನನಗೆ ಇಷ್ಟ, ಅದರಲ್ಲಿ ತಾಳೆ ಎಣ್ಣೆ ಸೇರಿರುತ್ತದೆ. ಇಜೆಬು ಪ್ರದೇಶದ ಗರ್ರಿಗೆ ಹುಳಿ ಜಾಸ್ತಿ, ತಣ್ಣೀರಲ್ಲಿ ನೆನೆಸಿ ಕುಡಿಯಲು ಅದೇ ಚೆಂದ.

ತಿನ್ನುವ ರೀತಿ ರಾಗಿ ಮುದ್ದೆಯದ್ದೇ: ಮುರಿದು, ಅದ್ದಿ, ಅಗಿಯದೆ ನುಂಗುವುದು. ಎಬಾ ಆರಿದರೆ ಗಟ್ಟಿಯಾಗುತ್ತದೆ, ಬಡಿಸುವ ಹೊತ್ತಿಗೇ ಮಾಡಿಕೊಳ್ಳಿ. ಸೂಪ್ ಮಾತ್ರ ಹಿಂದಿನ ದಿನವೇ ಮಾಡಿ ಫ್ರಿಜ್‌ನಲ್ಲಿಟ್ಟು ಬಿಸಿ ಮಾಡಿದರೆ ಇನ್ನೂ ರುಚಿ.