ಎಂಟು ವರ್ಷದಿಂದ ಖಾಸಗಿ ಶಾಲೆಯ ಗಣಿತ ಶಿಕ್ಷಕ ನಾನು, ವಯಸ್ಸು 34. ಸಂಬಳ ಎರಡೆರಡು ತಿಂಗಳು ತಡ, ಆನ್‌ಲೈನಲ್ಲಿ ಸಿಕ್ಕಸಿಕ್ಕಲ್ಲಿ ಅರ್ಜಿ ಹಾಕುತ್ತಿದ್ದೇನೆ. ಬೆಳಗಾವಿ ಬಿಡದೆ ಬೇರೆ ಕೆಲಸ ಸಿಗುತ್ತದಾ?

ಸಿಗುತ್ತದೆ. ಆದರೆ ಮೊದಲ ವರ್ಷ ಸಂಬಳ ಈಗಿನದಕ್ಕಿಂತ ಕಡಿಮೆಯಾಗಬಹುದು. ಅದಕ್ಕೆ ಮನೆಯಲ್ಲಿ ಒಪ್ಪಿಸಿಕೊಂಡೇ ಮುಂದೆ ಓದಿ.

ನಾನೂ ಇದೇ ಊರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಒಂಬತ್ತು ವರ್ಷ ಗಣಿತ ಹೇಳಿಕೊಟ್ಟವನು. ಬಿ.ಎಸ್‌ಸಿ, ಬಿ.ಎಡ್. ನಿಮ್ಮ ಹಾಗೆಯೇ ಎರಡೆರಡು ತಿಂಗಳು ಸಂಬಳ ತಡ. ನಿಮ್ಮ ಹಾಗೆಯೇ ಆನ್‌ಲೈನಲ್ಲಿ ಪುಣೆ, ಬೆಂಗಳೂರು ಅಂತ ಸಿಕ್ಕಸಿಕ್ಕಲ್ಲಿ ಅರ್ಜಿ ಹಾಕಿದೆ. ನಲವತ್ತು ಅರ್ಜಿಗೆ ಒಂದೂ ಉತ್ತರವಿಲ್ಲ. ಈಗ ಇಲ್ಲಿನ ಉದ್ಯಮಬಾಗ ಕೈಗಾರಿಕಾ ಪ್ರದೇಶದಲ್ಲಿ, ಲೋಹದ ಬಿಡಿಭಾಗ ಮಾಡುವ ಒಂದು ಮಷಿನ್ ಶಾಪಿನಲ್ಲಿ, ಅವುಗಳ ಅಳತೆ ಸರಿ ಇದೆಯಾ ಅಂತ ನೋಡುವ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಅಲ್ಲಿ ಎಲ್ಲರೂ ಈಗಲೂ ನನ್ನನ್ನು ಮಾಸ್ತರ ಅಂತಲೇ ಕರೆಯುತ್ತಾರೆ.

ಉದ್ಯಮಬಾಗ, ಮಚ್ಛೆ ಕಡೆ ಕೆಲಸ ಖಾಲಿ ಇರುವುದು ಆನ್‌ಲೈನಲ್ಲಿ ಗೊತ್ತಾಗುವುದು ಕಡಿಮೆ. ಸಣ್ಣ ಫ್ಯಾಕ್ಟರಿಯವರು ಗೇಟಿಗೆ ಬೋರ್ಡ್ ಹಾಕುತ್ತಾರೆ, ಇಲ್ಲವೇ ಒಳಗಿದ್ದವರನ್ನೇ ಕೇಳುತ್ತಾರೆ. ನನಗೆ ದಾರಿ ತೋರಿಸಿದ್ದು ನನ್ನ ಹಳೆಯ ವಿದ್ಯಾರ್ಥಿ. ಹತ್ತನೇ ತರಗತಿಯಲ್ಲಿ ಗಣಿತ ಅಂದರೆ ಓಡುತ್ತಿದ್ದ ಹುಡುಗ, ಈಗ ವಿಎಂಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಯಂತ್ರ) ಆಪರೇಟರ್. ಎಂಟು ವರ್ಷದಲ್ಲಿ ನೀವು ಎಷ್ಟು ಮಕ್ಕಳಿಗೆ ಪಾಠ ಮಾಡಿರಬಹುದು? ಅವರಲ್ಲಿ ಐಟಿಐ, ಡಿಪ್ಲೊಮಾ ಮಾಡಿದವರ ಪಟ್ಟಿ ಮಾಡಿ. ಶಿಷ್ಯನನ್ನು ಕೆಲಸ ಕೇಳುವುದಾ ಅಂತ ನನಗೂ ಮುಜುಗರ ಆಗಿತ್ತು. ಒಂದು ಚಹಾ ಮುಗಿಯುವಷ್ಟರಲ್ಲಿ ಹೋಯಿತು.

ಆದರೂ ಮೊದಲ ಸಂದರ್ಶನದಲ್ಲಿ ನಾನು ಬಿದ್ದೆ. "ಸರಕಾರಿ ಶಿಕ್ಷಕರ ಕಾಲ್‌ಫಾರ್ಮ್ ಬಂದರ ಹೋಗ್ತೀರೇನ್ರಿ?" ಅಂತ ಕೇಳಿದರು. ಹೌದು ಅಂದೆ. ಮುಗಿಯಿತು. ಬಿ.ಎಡ್ ನೋಡಿದ ಕೂಡಲೇ ಅವರಿಗೆ ಬರುವ ಅನುಮಾನ ಇದೇ, ಇವನಿಗೆ ಆರು ತಿಂಗಳು ಕಲಿಸಬೇಕು, ಇವನು ಓಡಿಹೋಗುತ್ತಾನೆ ಅಂತ. ಈ ಪ್ರಶ್ನೆ ನಿಮಗೂ ಬರುತ್ತದೆ. ಟಿಇಟಿ ಬರೆದು ಸರಕಾರಿ ಶಿಕ್ಷಕನಾಗುವ ಆಸೆ ಇನ್ನೂ ಇದ್ದರೆ ಅದನ್ನು ಮೊದಲು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಳ್ಳಿ.

ಎರಡನೇ ಕಡೆ ಕ್ವಾಲಿಟಿ ಹೆಡ್ ಒಂದು ಕಾಗದದ ಮೇಲೆ ರಂಧ್ರ ಬರೆದರು. ಅದು ಇರಬೇಕಾದ ಜಾಗಕ್ಕಿಂತ 0.03 ಮಿ.ಮೀ. ಬಲಕ್ಕೆ, 0.04 ಮಿ.ಮೀ. ಮೇಲಕ್ಕೆ ಸರಿದಿದೆ. ಎಷ್ಟು ತಪ್ಪಿದೆ? ಪೈಥಾಗೊರಸ್ ಅಲ್ವಾ, ಥಟ್ಟನೆ 0.05 ಅಂದೆ. ಅರ್ಧ ಸರಿ ಅಂದರು. ಡ್ರಾಯಿಂಗಿನಲ್ಲಿ, ಅಂದರೆ ಭಾಗದ ಅಳತೆ ಬರೆದ ನಕ್ಷೆಯಲ್ಲಿ, ರಂಧ್ರದ ಸ್ಥಾನಕ್ಕೆ ಕೊಡುವ ಮಿತಿ ಒಂದು ವೃತ್ತದ ವ್ಯಾಸ. ನಾನು ಹೇಳಿದ 0.05 ಬರೀ ತ್ರಿಜ್ಯ, ಹಾಗಾಗಿ ಎರಡರಿಂದ ಗುಣಿಸಬೇಕು, 0.10. ಒಂಬತ್ತು ವರ್ಷ ಬೋರ್ಡಿನ ಮೇಲೆ ಬರೆದ 3-4-5 ತ್ರಿಕೋನ ಯಾವುದಕ್ಕೆ ಬರುತ್ತದೆ ಅನ್ನುವುದನ್ನು ನಾನು ನೋಡಿದ್ದು ಅವತ್ತು! ಸಿಎಂಎಂ, ಅಂದರೆ ಭಾಗವನ್ನು ಮುಟ್ಟಿ ಮುಟ್ಟಿ ಅಳೆಯುವ ಯಂತ್ರ, ಅದರದೂ ಇದೇ ಕಥೆ. ಅದರ ಪ್ರೋಬಿನ (ಮುಟ್ಟುವ ಕಡ್ಡಿ) ತುದಿಯ ಚಿಕ್ಕ ಮಾಣಿಕ್ಯದ ಗುಂಡು ಭಾಗವನ್ನು ಮುಟ್ಟಿದ ಕಡೆಯೆಲ್ಲ ಎಕ್ಸ್, ವೈ, ಝಡ್ ಸಿಗುತ್ತದೆ. ಮೂರು ಬಿಂದು ಸಿಕ್ಕರೆ ಒಂದು ವೃತ್ತ. ಬಾಕಿ ಎಲ್ಲ ನಿಮಗೆ ಗೊತ್ತಿರುವ ಗಣಿತ.

ಗೊತ್ತಿಲ್ಲದ್ದು ಕೈಕೆಲಸ. ಅದನ್ನು ಶಾಲೆ ಬಿಡುವ ಮೊದಲೇ ಕಲಿಯಿರಿ. ವರ್ನಿಯರ್, ಮೈಕ್ರೋಮೀಟರ್, ಹೈಟ್ ಗೇಜ್ ಹಿಡಿದು ಅಳೆಯುವುದು, ಮತ್ತೆ ಡ್ರಾಯಿಂಗ್ ಓದುವುದು. ಬೆಳಗಾವಿಯಲ್ಲಿ ಜಿಟಿಟಿಸಿ (ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಇದೆ, ಅಲ್ಪಾವಧಿ ಕೋರ್ಸ್ ವಿಚಾರಿಸಿ. ಒಂದು ಎಚ್ಚರಿಕೆ. ಕೆಲಸ ಗ್ಯಾರಂಟಿ ಅಂತ ಹೇಳಿ ದೊಡ್ಡ ಫೀ ಕೇಳುವ ಕಡೆ ಕಾಲಿಡಬೇಡಿ.

ಸೇರಿದ ಮೊದಲ ತಿಂಗಳು ನಾನು ಆರು ಒಳ್ಳೆಯ ಪೀಸ್ ರಿಜೆಕ್ಟ್ ಮಾಡಿದೆ. ಏಪ್ರಿಲ್ ಮಧ್ಯಾಹ್ನ, ಬಿಸಿಲು ಬಿದ್ದ ಟ್ರಾಲಿಯಿಂದ ಅಲ್ಯೂಮಿನಿಯಂ ಭಾಗ ತಂದು ನೇರ ಅಳೆದೆ. ಅಳತೆಯ ಲೆಕ್ಕ ಎಲ್ಲ 20 ಡಿಗ್ರಿ ಸೆಲ್ಸಿಯಸ್‌ಗೆ. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಮೀಟರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. 300 ಮಿ.ಮೀ. ಭಾಗ ಅದಕ್ಕಿಂತ ಹತ್ತು ಡಿಗ್ರಿ ಹೆಚ್ಚು ಬಿಸಿ ಇದ್ದರೆ 0.07 ಮಿ.ಮೀ. ಜಾಸ್ತಿ ತೋರಿಸುತ್ತದೆ. "ಮಾಸ್ತರ, ಇದು ಇನ್ನೂ ಬೆಚ್ಚಗ ಐತಿ ನೋಡ್ರಿ" ಅಂತ ತೋರಿಸಿಕೊಟ್ಟದ್ದು ಏಳನೇ ತರಗತಿಗೆ ಶಾಲೆ ಬಿಟ್ಟ ಆಪರೇಟರ್. ಅಳತೆಯ ಕೋಣೆಗೆ ಏಸಿ ಯಾಕೆ ಅಂತ ಅವತ್ತು ತಿಳಿಯಿತು. ನಮಗಲ್ಲ ಅದು, ಭಾಗಗಳಿಗೆ.

ದುಡ್ಡಿನ ವಿಷಯ. ಶಾಲೆಯಲ್ಲಿ 18,000 ಇತ್ತು, ಟ್ರೇನಿಯಾಗಿ 14,000ಕ್ಕೆ ಸೇರಿದೆ. ಹನ್ನೊಂದು ತಿಂಗಳು ಸಂಜೆ ಟ್ಯೂಷನ್ ಹೇಳಿ ಮನೆ ನಡೆಸಿದೆ. ನೀವೂ ಟ್ಯೂಷನ್ ಬಿಡಬೇಡಿ.

ಇನ್ನೊಂದು, ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಂಸ್ಥೆ ಕೊಡಬೇಕಾದ ಇಡಿಗಂಟು. ಶಿಕ್ಷಕರಿಗೆ ಇದು ಬರುವುದಿಲ್ಲ ಅಂತ ನನ್ನ ಶಾಲೆಯವರು ಹೇಳಿ ಕಳಿಸಲು ನೋಡಿದರು. ಸುಳ್ಳು. ಗ್ರಾಚ್ಯುಟಿ ಕಾಯ್ದೆಯ 2009ರ ತಿದ್ದುಪಡಿಯಿಂದ ಖಾಸಗಿ ಶಾಲೆಯ ಶಿಕ್ಷಕರಿಗೂ ಅದು ಸಿಗುತ್ತದೆ, 1997ರ ಏಪ್ರಿಲ್ 3ರಿಂದಲೇ ಅನ್ವಯ. 2022ರಲ್ಲಿ ಸುಪ್ರೀಂ ಕೋರ್ಟ್ ಕೂಡ ಎತ್ತಿ ಹಿಡಿದಿದೆ. ಸಾಮಾನ್ಯವಾಗಿ ಐದು ವರ್ಷ ಸತತ ಕೆಲಸ ಆಗಿರಬೇಕು, ಶಾಲೆಯಲ್ಲಿ ಕನಿಷ್ಠ ಹತ್ತು ಜನ ನೌಕರರಿರಬೇಕು. ಕೊನೆಯ ತಿಂಗಳ ಮೂಲ ವೇತನ, ತುಟ್ಟಿಭತ್ಯೆ ಎರಡನ್ನೂ ಕೂಡಿಸಿ 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಿ. ಎರಡೂ ಸೇರಿ 15,000 ಇದ್ದರೆ ನಿಮ್ಮ ಎಂಟು ವರ್ಷಕ್ಕೆ ಸುಮಾರು 69,000. ಟ್ರೇನಿ ದಿನಗಳಿಗೆ ಇದು ದೊಡ್ಡ ಆಸರೆ. ಬರವಣಿಗೆಯಲ್ಲಿ ಕೇಳಿ, ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಪಿಎಫ್ ಇದ್ದರೆ ತೆಗೆಯಬೇಡಿ, ಅದೇ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ನಂಬರ್) ಅಡಿಯಲ್ಲಿ ಹೊಸ ಖಾತೆಗೆ ವರ್ಗಾಯಿಸಿಕೊಳ್ಳಿ.

ಮತ್ತೆ, ವರ್ಷದ ನಡುವೆ ಬಿಡಬೇಡಿ. ಹತ್ತನೇ ತರಗತಿಯವರ ಪರೀಕ್ಷೆ ಮುಗಿಯಲಿ. ಅಷ್ಟರೊಳಗೆ ಡ್ರಾಯಿಂಗ್ ಓದುವಾಗ ಯಾವುದಾದರೂ ಚಿಹ್ನೆ ತಿಳಿಯದಿದ್ದರೆ ಇಲ್ಲೇ ಕೆಳಗೆ ಕೇಳಿ, ಬಿಡುವಾದಾಗ ಉತ್ತರ ಬರೆಯುತ್ತೇನೆ.