ಪ್ರತಿಕ್ರಿಯೆ: ಎದೆಯ ಎಕ್ಸ್‌ರೇಯಲ್ಲಿ ಕಂಡ ಬಿಳಿ ಗೆರೆಗಳು
ಬೆನ್ನುಮೂಳೆಗೆ ಸಿಮೆಂಟ್ (ಮೂಳೆಯನ್ನು ಗಟ್ಟಿಗೊಳಿಸಲು ವೈದ್ಯರು ತುಂಬುವ ವಸ್ತು) ತುಂಬಿಸಿಕೊಂಡ ತಮ್ಮ ತಾಯಿಯವರ ಎದೆಯ ಎಕ್ಸ್‌ರೇಯಲ್ಲಿ ಬಿಳಿ ಗೆರೆಗಳು ಕಂಡಿವೆ, ಉಸಿರಾಟದ ತೊಂದರೆಯೇನೂ ಇಲ್ಲ, ಇದು ಅಪಾಯವೇ ಎಂದು ಕೇಳಿದ್ದೀರಿ. ತಮ್ಮ ಆತಂಕ ಸಹಜವಾದದ್ದೇ. ಗಟ್ಟಿಯಾಗುವ ಮುನ್ನ ಸಿಮೆಂಟಿನ ಸ್ವಲ್ಪ ಅಂಶ ಮೂಳೆಯ ಸುತ್ತಲಿನ ಅಭಿಧಮನಿಗಳಿಗೆ ಸೋರಿ, ಹೃದಯದ ಬಲಭಾಗದ ಮೂಲಕ ಶ್ವಾಸಕೋಶದ ರಕ್ತನಾಳಗಳನ್ನು ಸೇರುವುದುಂಟು. ಅದರಲ್ಲಿ ಎಕ್ಸ್‌ರೇ ಕಿರಣಗಳನ್ನು ತಡೆಯುವ ಬೇರಿಯಂನಂತಹ ವಸ್ತು ಬೆರೆತಿರುವುದರಿಂದ ಎಲೆಯ ನರಗಳಂತೆ ಕವಲೊಡೆದ, ಅಚ್ಚ ಬಿಳಿಯ ಗೆರೆಗಳಾಗಿ ಕಾಣುತ್ತದೆ. ಅಂಚಿನ ಸಣ್ಣ ನಾಳಗಳಲ್ಲಷ್ಟೇ ಇದ್ದು ಲಕ್ಷಣಗಳಿಲ್ಲದಿದ್ದರೆ ಸಾಮಾನ್ಯವಾಗಿ ವೈದ್ಯರ ನಿಗಾ ಸಾಕಾಗುತ್ತದೆ. ಸಿಟಿ ಸ್ಕ್ಯಾನ್ ಮಾಡಿಸುವುದಾದರೆ ಸಿಮೆಂಟ್ ತುಂಬಿಸಿದ ವಿಷಯವನ್ನು ದಯವಿಟ್ಟು ಮೊದಲೇ ತಿಳಿಸಿ, ಏಕೆಂದರೆ ಕಾಂಟ್ರಾಸ್ಟ್ (ರಕ್ತನಾಳಗಳು ಬೆಳ್ಳಗೆ ಎದ್ದು ಕಾಣಲೆಂದು ಚುಚ್ಚುವ ದ್ರವ) ತುಂಬಿದ ನಾಳದಲ್ಲಿ ಸಿಮೆಂಟ್ ಮರೆಯಾಗಿಬಿಡಬಹುದು. ದೊಡ್ಡ ನಾಳದಲ್ಲಿದ್ದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಬೇಕೇ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಏದುಸಿರು, ಎದೆನೋವು ಅಥವಾ ತಲೆಸುತ್ತು ಕಾಣಿಸಿಕೊಂಡರೆ ಮಾತ್ರ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.